ಬಾಣಕ್ಕೂ ಸಿಡಿಮದ್ದಿಗೂ ಒಂದೇ ಕಾನೂನು

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಿಂದ ಅದು ನಮ್ಮ ಭೂಸ್ಥಿರ ಉಪಗ್ರಹಗಳನ್ನು ಕಾಯುತ್ತಿರುವುದರಿಂದ ಈ ಊರಿನ ಮಕ್ಕಳಿಗೆ ರಾಕೆಟ್ ಎಂದರೆ ಮನೆಯ ಮಾತು. ನನ್ನಲ್ಲಿ ಭೌತವಿಜ್ಞಾನ ಕಲಿಯುವ ಹತ್ತನೆಯ ತರಗತಿಯ ಹುಡುಗನೊಬ್ಬ ಕಳೆದ ತಿಂಗಳು, ನಾವೇ ಇಂಧನ ತಯಾರಿಸಿ ಒಂದು ರಾಕೆಟ್ ಹಾರಿಸಬಹುದೇ ಎಂದು ಕೇಳಿದ. ನಾನು ಬೇಡವೆಂದೆ. ಹಾಗೆನ್ನಲು ಎರಡು ಕಾರಣಗಳಿದ್ದವು. ಒಂದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಇನ್ನೊಂದನ್ನು ಒಪ್ಪಲಾರೆ.

ಒಪ್ಪುವ ಕಾರಣ ಅಪಾಯದ್ದು. ಸಕಲೇಶಪುರದ ಬಳಿಯ ನಮ್ಮ ತೋಟದ ಕಣದಲ್ಲಿ, ಪಟಾಕಿ ಬಿಚ್ಚಿ ಅದರ ಮದ್ದನ್ನು ಕೊಳವೆಗೆ ತುಂಬಲು ಹೋದ ನನ್ನ ಅಣ್ಣನ ಬಲಗೈ ಸುಟ್ಟದ್ದನ್ನು ನಾನು ಹತ್ತಿರ ನಿಂತು ನೋಡಿದ್ದೇನೆ. ಆ ಕೈಯ ಎರಡು ಬೆರಳುಗಳು ಇಂದಿಗೂ ಪೂರ್ತಿಯಾಗಿ ಮಡಚುವುದಿಲ್ಲ. ಹೀಗೇಕಾಗುತ್ತದೆ ಎಂಬುದು ನನಗೆ ಅರ್ಥವಾದದ್ದು ಬಹಳ ವರ್ಷಗಳ ನಂತರ. ಘನ ಇಂಧನದ ಉರಿಯುವ ಮೇಲ್ಮೈ ಹಿಗ್ಗಿದಷ್ಟೂ ಅನಿಲ ಹೆಚ್ಚಾಗಿ ಹುಟ್ಟುತ್ತದೆ. ಒಳಗೆ ಕಣ್ಣಿಗೆ ಕಾಣದ ಒಂದು ಬಿರುಕೋ ಗಾಳಿಗುಳ್ಳೆಯೋ ಇದ್ದರೆ ಆ ಮೇಲ್ಮೈ ಕ್ಷಣದಲ್ಲಿ ಹಲವು ಪಟ್ಟಾಗಿ, ಒತ್ತಡ ಕೊಳವೆಯ ತಾಳಿಕೆಯನ್ನು ಮೀರುತ್ತದೆ. ಕೊಳವೆ ಲೋಹದ್ದಾಗಿದ್ದರೆ ಅದರ ಚೂರುಗಳೇ ಗುಂಡುಗಳಾಗುತ್ತವೆ. ಬೆರೆಸುವಾಗಿನ ಉಜ್ಜಾಟ, ಬಟ್ಟೆಯಿಂದ ಹಾರುವ ಒಂದು ಸ್ಥಿರವಿದ್ಯುತ್ ಕಿಡಿ ಕೂಡ ಸಾಕು. ಇದನ್ನು ಅಡುಗೆಮನೆಯಲ್ಲಿ ಯಾವ ಎಚ್ಚರಿಕೆಯಿಂದಲೂ ಸುರಕ್ಷಿತಗೊಳಿಸಲಾಗದು.

ಎರಡನೆಯ ಕಾರಣ ಕಾನೂನು. ನಮ್ಮ ಸ್ಫೋಟಕಗಳ ಕಾಯ್ದೆ 1884ರದು. ಸ್ಫೋಟಕವೆಂದರೆ ಏನೆಂದು ವಿವರಿಸುವಾಗ ಅದು ಕೋವಿಮದ್ದು, ಡಿಟೋನೇಟರ್‌, ಕಾಡತೂಸುಗಳ ಜೊತೆಯಲ್ಲೇ ರಾಕೆಟ್ಟನ್ನೂ ಹೆಸರಿಸುತ್ತದೆ. ಪರವಾನಗಿಯಿಲ್ಲದೆ ಸ್ಫೋಟಕ ತಯಾರಿಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕಲ್ಲುಗಣಿಯ ಸ್ಫೋಟಕಗಳು ಸಿಡಿದಾಗ ಚಿಕ್ಕಮಗಳೂರಿನ ಕಡೆಯವರೂ ಭೂಕಂಪವೆಂದು ಮನೆಯಿಂದ ಹೊರಗೆ ಬಂದಿದ್ದರು. ಇಂಥ ಕಾನೂನು ಬಿಗಿಯಾಗಿರಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಜೆಲಟಿನ್ ಕಡ್ಡಿಯನ್ನೂ, ಕಾಗದದ ಕೊಳವೆಯಲ್ಲಿ ಕೆಲವೇ ಗ್ರಾಂ ಇಂಧನವಿರುವ ಕಲಿಕೆಯ ರಾಕೆಟ್ಟನ್ನೂ ಒಂದೇ ಮಾತಿನಲ್ಲಿ ಕಟ್ಟಿಹಾಕುವುದು ನನಗೆ ನ್ಯಾಯವೆನಿಸುವುದಿಲ್ಲ.

ಅಮೆರಿಕದಲ್ಲಿ ಇದೇ ಪ್ರಶ್ನೆ 1957ರಲ್ಲಿ, ಸೋವಿಯತ್ ಒಕ್ಕೂಟದ ಮೊದಲ ಉಪಗ್ರಹ ಸ್ಪುಟ್ನಿಕ್ ಹಾರಿದ ಹೊತ್ತಿನಲ್ಲಿ ಎದುರಾಯಿತು. ಹುಡುಗರು ಮನೆಯಲ್ಲೇ ಮದ್ದು ಬೆರೆಸಿ ಗಾಯಗೊಳ್ಳುತ್ತಿದ್ದರು. ನೆಬ್ರಾಸ್ಕದ ಪಾದರಕ್ಷೆ ವ್ಯಾಪಾರಿ ಆರ್ವಿಲ್ ಕಾರ್ಲೈಲ್ ಅಷ್ಟರಲ್ಲಾಗಲೇ ಕಾಗದದ ರಾಕೆಟ್ಟಿಗೆ ಪ್ರತಿ ಸಲವೂ ಬದಲಾಯಿಸಬಹುದಾದ ಸಿದ್ಧ ಮೋಟಾರನ್ನು, ಅಂದರೆ ಇಂಧನ ತುಂಬಿದ ಕೊಳವೆಯನ್ನು, ಅಳವಡಿಸಿದ್ದರು. ರಾಕೆಟ್ ತಂತ್ರಜ್ಞ ಹ್ಯಾರಿ ಸ್ಟೈನ್ ಅದನ್ನು ಒಂದು ಶಿಸ್ತಾಗಿ ಬೆಳೆಸಿದರು. ಮದ್ದನ್ನು ಮಗು ಮುಟ್ಟುವುದೇ ಇಲ್ಲ. ಇಂದು ಅಲ್ಲಿ 125 ಗ್ರಾಂಗಿಂತ ಹೆಚ್ಚು ಇಂಧನವಿಲ್ಲದ, ಒಟ್ಟು 1500 ಗ್ರಾಂ ಮೀರದ, ಕಾಗದ, ಮರ ಅಥವಾ ಸುಲಭವಾಗಿ ಒಡೆಯುವ ಪ್ಲಾಸ್ಟಿಕ್ಕಿನ ರಾಕೆಟ್ಟುಗಳಿಗೆ ಪ್ರತ್ಯೇಕ ವರ್ಗವೇ ಇದೆ. ದೊಡ್ಡ ಮೋಟಾರುಗಳ ಅಮೋನಿಯಂ ಪರ್‌ಕ್ಲೋರೇಟ್ ಇಂಧನ ಮಿಶ್ರಣವನ್ನು ಸ್ಫೋಟಕವೆಂದು ಪಟ್ಟಿ ಮಾಡಿದ್ದ, ಅಲ್ಲಿ ಸ್ಫೋಟಕಗಳನ್ನು ನಿಯಂತ್ರಿಸುವ ಸರ್ಕಾರಿ ಇಲಾಖೆಯ ವಿರುದ್ಧ ಹವ್ಯಾಸಿಗಳು ವರ್ಷಗಟ್ಟಲೆ ಹೋರಾಡಿ, 2009ರಲ್ಲಿ ನ್ಯಾಯಾಲಯದಲ್ಲಿ ಗೆದ್ದರು. ಅದು ಸಿಡಿಯುತ್ತದೆಯೋ ಬರೀ ಉರಿಯುತ್ತದೆಯೋ ಎಂಬ ಪ್ರಶ್ನೆಗೆ ಇಲಾಖೆ ಸಮರ್ಪಕ ಆಧಾರ ಕೊಡಲಾಗಲಿಲ್ಲ. ವಸ್ತುವಿನ ವರ್ತನೆಯನ್ನು ಅಳೆದು ನಿಯಮ ಮಾಡಬೇಕೆಂಬ ಆ ವಾದ ನನಗೆ ಬಹಳ ಹಿಡಿಸಿತು.

ನಮ್ಮ ನೆಲಕ್ಕೆ ಬಾಣಬಿರುಸು ಹೊಸದಲ್ಲ. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಹಳೆಯ ಬಾವಿಯೊಂದರಿಂದ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು, ಅಂದರೆ ಯುದ್ಧದ ರಾಕೆಟ್ಟುಗಳು, ದೊರೆತವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಂಥ ಬಾಣಗಳನ್ನು ಇಂಗ್ಲೆಂಡಿಗೆ ಒಯ್ದು ಅಭ್ಯಾಸ ಮಾಡಿದ ಸರ್ಕಾರವೇ ಎಂಬತ್ತೈದು ವರ್ಷಗಳ ನಂತರ ಈ ಕಾಯ್ದೆಯನ್ನು ಇಲ್ಲಿಗೆ ತಂದಿತು. ಸ್ವತಂತ್ರ ದೇಶ ಅದರಲ್ಲಿ ಒಂದು ಸಣ್ಣ ವರ್ಗವನ್ನು ಸೇರಿಸಲು ಹಿಂಜರಿಯಬಾರದು: ಪರವಾನಗಿ ಪಡೆದ ಕಾರ್ಖಾನೆಯಲ್ಲಿ ತಯಾರಾದ ಸಣ್ಣ ಮೋಟಾರು, ಹೊಣೆ ಹೊರುವ ಶಿಕ್ಷಕ, ಪೊಲೀಸ್ ಠಾಣೆಗೆ ಮುಂಚಿತವಾಗಿ ತಿಳಿಸಿದ ಬಯಲು. ಮನೆಯಲ್ಲಿ ಮದ್ದು ಬೆರೆಸುವುದರ ಮೇಲಿನ ನಿಷೇಧ ಹಾಗೆಯೇ ಉಳಿಯಲಿ. ಇದನ್ನೇ ಬರೆದು ನಮ್ಮ ಲೋಕಸಭಾ ಸದಸ್ಯರಿಗೆ ಕಳಿಸಲು ಪತ್ರ ಸಿದ್ಧಪಡಿಸಿದ್ದೇನೆ.

ಸದ್ಯಕ್ಕೆ ಆ ಹುಡುಗನೂ ಅವನ ಗೆಳೆಯರೂ ರಾಗಿ ಕೊಯ್ದ ಹೊಲದಲ್ಲಿ, ಸೋಡಾ ಬಾಟಲಿಗೆ ಮೂರನೇ ಒಂದು ಪಾಲು ನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ಹಾರಿಸುತ್ತಿದ್ದಾರೆ. ಮೂವತ್ತು ಮೀಟರ್ ದೂರದಲ್ಲಿ ಕೋನಮಾಪಕ ಹಿಡಿದು ನಿಂತವನು ಕೂಗಿ ಹೇಳುವ ಕೋನವನ್ನು ಇನ್ನೊಬ್ಬ ಪುಸ್ತಕದಲ್ಲಿ ಬರೆದುಕೊಂಡು, ಎತ್ತರವನ್ನು ಅಲ್ಲೇ ಲೆಕ್ಕ ಹಾಕುತ್ತಾನೆ.