ಎಚ್‌ಒ ಬಾಕ್ಸ್‌ಕಾರ್ ನಿಖರವಾಗಿದೆಯೇ, ಹೇಗೆ ತಿಳಿಯುವುದು?

ಅಮೆರಿಕದ ಗೂಡ್ಸ್ ರೈಲುಗಳ ಎಚ್‌ಒ ಮಾದರಿ, ಅಂದರೆ 1:87 ಅಳತೆಯವು, ಕೊಳ್ಳುವವರು ನನ್ನನ್ನು ಪದೇ ಪದೇ ಕೇಳುವುದು ಇದನ್ನೇ: ಇಷ್ಟು ದುಡ್ಡು ಕೊಟ್ಟು ತರಿಸಿದ ಬಾಕ್ಸ್‌ಕಾರ್, ಅಂದರೆ ಪೆಟ್ಟಿಗೆಯಂಥ ಮುಚ್ಚಿದ ಗೂಡ್ಸ್ ವ್ಯಾಗನ್, ಅಸಲಿಯಂತೆಯೇ ಇದೆಯೇ? ಬಿಡಿಯಾಗಿ ಅಂಟಿಸಿದ ಭಾಗಗಳನ್ನು ಎಣಿಸಿ ಉತ್ತರ ಹೇಳಲಾಗದು. ನಿಖರತೆಗೆ ಒಂದು ಇಸವಿ ಬೇಕು. ಆ ರೈಲ್ವೆಯ ಆ ನಂಬರಿನ ಸರಣಿ ಆ ವರ್ಷ ಹೇಗಿತ್ತು ಎಂದು ತೋರಿಸುವ ಫೋಟೊ ಪಕ್ಕದಲ್ಲಿಟ್ಟುಕೊಂಡೇ ನೋಡಿ.

ಮೊದಲು ಚಾವಣಿ, ಎರಡು ತುದಿಗೋಡೆಗಳ ಉಬ್ಬುಗೆರೆ, ಬಾಗಿಲಿನ ಅಗಲ. ಪುಲ್‌ಮನ್-ಸ್ಟ್ಯಾಂಡರ್ಡ್ ಕಂಪನಿ 1947ರಲ್ಲಿ ತಂದ ಪಿಎಸ್-1 ಎಂಬ ಬಾಕ್ಸ್‌ಕಾರ್‌ನ ಚಾವಣಿಯಲ್ಲಿ ಬೋ-ಟೈ ಆಕಾರದ ಉಬ್ಬುಗಳಿವೆ. ಬೇರೆ ಕಾರ್ಖಾನೆಯಲ್ಲಿ ತಯಾರಾದ ವ್ಯಾಗನ್‌ನ ನಂಬರನ್ನು ಪಿಎಸ್-1ರ ಅಚ್ಚಿನ ಮೇಲೆ ಮುದ್ರಿಸಿದ್ದರೆ ಅದನ್ನು ಮನೆಯಲ್ಲಿ ತಿದ್ದಲು ಆಗುವುದಿಲ್ಲ, ವಾಪಸ್ ಕಳಿಸಿ. ಹತ್ತಲು ಹಿಡಿಯುವ ಸರಳು, ಅಂದರೆ ಹಿಡಿಕೆ, ದಪ್ಪವಾಗಿದ್ದರೆ ಅದನ್ನು ಕೆತ್ತಿ ತೆಗೆದು 0.25 ಅಥವಾ 0.3 ಮಿ.ಮೀ. ತಂತಿ ಹಾಕಬಹುದು. ನಿಜವಾದ ವ್ಯಾಗನ್‌ನ ಹಿಡಿಕೆಗೆ ಕಾನೂನು ಹೇಳುವ ಕನಿಷ್ಠ ದಪ್ಪ ಐದೆಂಟಾಂಶ ಇಂಚು. ಅದು ಎಚ್‌ಒಗೆ ಇಳಿದರೆ 0.2 ಮಿ.ಮೀ. ಕೂಡ ಆಗುವುದಿಲ್ಲ. ಹಾಗಾಗಿ ತಂತಿಯೂ ಚೂರು ದಪ್ಪವೇ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ಹೆಚ್ಚಿನ ಮಾದರಿಗಳು ಎಡವುವುದು ಇಸವಿಯಲ್ಲಿ. ಭೂತಗನ್ನಡಿ ಹಿಡಿದು ಪಕ್ಕದ ಗೋಡೆಯ ಸಣ್ಣ ಅಕ್ಷರ ಓದಿ. ಖಾಲಿ ತೂಕದ ಪಕ್ಕ 'ನ್ಯೂ 5-57' ಎಂದಿದ್ದರೆ ಅದು 1957ರ ಮೇ ತಿಂಗಳಲ್ಲಿ ಹೊಸದಾಗಿ ತೂಗಿದ ವ್ಯಾಗನ್. 1955ರ ದೃಶ್ಯದಲ್ಲಿ ಅದಕ್ಕೆ ಜಾಗವಿಲ್ಲ. ಗೋಡೆಯ ಮೇಲಿರುವ ಎಲ್ಲ ತಾರೀಕುಗಳಲ್ಲಿ ತೀರಾ ಈಚಿನದು ಯಾವುದೋ ಅದೇ ನಿಮ್ಮ ಗಡಿ. ವ್ಯಾಗನ್ ಯಾವುದೆಂದು ಯಂತ್ರ ಓದಲು ಹಾಕುತ್ತಿದ್ದ, ಬಣ್ಣದ ಅಡ್ಡಪಟ್ಟಿಗಳಿರುವ ಗುರುತುಫಲಕ 1967ರಲ್ಲಿ ಬಂತು, 1977ರಲ್ಲಿ ಆ ವ್ಯವಸ್ಥೆಯನ್ನೇ ಕೈಬಿಟ್ಟರು. ಅದನ್ನು ಅಂಟಿಸಿ, ತೂಕದ ತಾರೀಕು ಮಾತ್ರ 1957ರದೇ ಉಳಿಸಿದ್ದರೆ ಸಂಶಯಪಡಿ, ಅಷ್ಟು ವರ್ಷದಲ್ಲಿ ಮರುತೂಕ ಆಗಿರಬೇಕು. ಚಾವಣಿ ಮೇಲಿನ ಓಡಾಟದ ಹಲಗೆಯ ಲೆಕ್ಕವೂ ಹೀಗೆಯೇ: 1966ರ ನಂತರದ ಹೊಸ ಬಾಕ್ಸ್‌ಕಾರ್‌ಗಳಿಗೆ ಅದನ್ನು ಹಾಕುವುದು ನಿಂತಿತು, ಹಳೆಯವುಗಳಿಂದ ಮುಂದಿನ ವರ್ಷಗಳಲ್ಲಿ ನಿಧಾನವಾಗಿ ತೆಗೆದರು.

ಈಗ ವ್ಯಾಗನ್ ತಿರುಗಿಸಿ ಅಡಿಭಾಗ ನೋಡಿ. ಬ್ರೇಕ್ ಸಿಲಿಂಡರಿನ ತಳ್ಳುಸರಳು ಕೈಬ್ರೇಕ್ ಚಕ್ರವಿರುವ ತುದಿಯ ಕಡೆಗೇ ಮುಖ ಮಾಡಿರಬೇಕು. ಜೋಡಿಸುವಾಗ ತಳವನ್ನು ಹಿಂದುಮುಂದಾಗಿ ಕೂರಿಸಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಸ್ಕ್ರೂ ಬಿಚ್ಚಿ ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಅಂಟಿಸಿದ್ದರೆ ಕಷ್ಟ.

ಓಟದ ವಿಷಯ ಬೇಗ ಹೇಳಿಬಿಡುತ್ತೇನೆ. ಚಕ್ರಗಳ ಒಳಮೈ ಅಂತರ ಸುಮಾರು 14.4 ಮಿ.ಮೀ. ಇರಬೇಕು, ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ) ಗೇಜ್, ಅಂದರೆ ಅಳತೆಪಟ್ಟಿ, ಇಟ್ಟು ನೋಡಿ, ಕಡಿಮೆಯಿದ್ದರೆ ಚಕ್ರವನ್ನು ಮೆಲ್ಲಗೆ ತಿರುಚುತ್ತಾ ಎಳೆಯಿರಿ. ಅಂತರ ತಪ್ಪಿದ ಚಕ್ರ ಪಾಯಿಂಟ್‌ (ಹಳಿ ಕವಲೊಡೆಯುವ ಜಾಗ) ಮೇಲೆಯೇ ಹಳಿ ತಪ್ಪುವುದು. ತೂಕಕ್ಕೆ ಎನ್‌ಎಂಆರ್‌ಎ ಶಿಫಾರಸು ಒಂದು ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. 40 ಅಡಿ ಬಾಕ್ಸ್‌ಕಾರ್‌ಗೆ ಇದು ಹತ್ತಿರಹತ್ತಿರ 110 ಗ್ರಾಂ. ಕಡಿಮೆ ಬಿದ್ದರೆ ಟೈರ್ ಅಂಗಡಿಯಲ್ಲಿ ಅಲಾಯ್ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸುವ 5 ಗ್ರಾಂ ತುಂಡುಗಳನ್ನು ಒಳಗಡೆ ನೆಲಕ್ಕೆ ಅಂಟಿಸಿ, ಎರಡೂ ಬೋಗಿಗಳಿಗೆ (ವ್ಯಾಗನ್ ಕೆಳಗೆ ಚಕ್ರಗಳನ್ನು ಹಿಡಿದಿರುವ ಚೌಕಟ್ಟುಗಳಿಗೆ) ಸಮಭಾರ ಬೀಳುವಂತೆ. ಎತ್ತರದಲ್ಲಿ ಅಂಟಿಸಿದರೆ ವ್ಯಾಗನ್ ತಿರುವಿನಲ್ಲಿ ವಾಲುತ್ತದೆ.

ಒಂದು ಬೋಗಿಯ ಸ್ಕ್ರೂ ಬಿಗಿ ಮಾಡಿ, ಅದು ಅಡ್ಡಡ್ಡ ತಿರುಗಿದರೆ ಸಾಕು. ಇನ್ನೊಂದನ್ನು ಕಾಲು ಸುತ್ತು ಸಡಿಲಿಸಿ, ಅದು ಅಲ್ಪಸ್ವಲ್ಪ ತೊನೆಯಬೇಕು. ಎರಡೂ ಬಿಗಿಯಾದರೆ ಹಳಿಯ ಏರುಪೇರಿಗೆ ಒಂದು ಚಕ್ರ ಗಾಳಿಯಲ್ಲೇ ಉಳಿಯುತ್ತದೆ.

ಕಪ್ಲರ್, ಅಂದರೆ ವ್ಯಾಗನ್‌ಗಳನ್ನು ಒಂದಕ್ಕೊಂದು ಜೋಡಿಸುವ ಕೊಂಡಿ, ಅದರ ಎತ್ತರವನ್ನು ಕೇಡಿ ಕಂಪನಿಯ ಗೇಜಿಗೆ ಹಿಡಿಯಿರಿ. ತಗ್ಗಿದ್ದರೆ ಬೋಗಿ ಮತ್ತು ವ್ಯಾಗನ್‌ ನಡುವೆ ತೆಳು ಫೈಬರ್ ವಾಷರ್ ಹಾಕುವ ಮುನ್ನ ಕಪ್ಲರ್ ಪೆಟ್ಟಿಗೆಯ ಮುಚ್ಚಳ ಸಡಿಲವಾಗಿದೆಯೇ ನೋಡಿ. ಕಪ್ಲರ್ ತಲೆಬಾಗಲು ಎಷ್ಟೋ ಸಲ ಅದೇ ಕಾರಣ. ಆಗ ವಾಷರ್ ಹಾಕಿದರೆ ಇಡೀ ವ್ಯಾಗನ್ ಸುಮ್ಮನೆ ಎತ್ತರವಾಗುತ್ತದೆ.