ಒಸಾಕಾದಲ್ಲಿ ತಿರುಗುವ ಸುಶಿ: ಸಸ್ಯಾಹಾರಿಗಳು ಜೊತೆಗಿದ್ದರೆ

ಕೂತ ಕೂಡಲೇ ಮಗಳು ಟೇಬಲಿನ ಪಕ್ಕದ ಪುಟ್ಟ ನಲ್ಲಿಗೆ ಕೈ ಒಡ್ಡಲು ಹೋದಳು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಧಾವಿಸಿ ಬಂದು ತಡೆದರು. ಅದರಲ್ಲಿ ಬರುವುದು ಚಹಾಕ್ಕೆ ಇಟ್ಟ ಸುಡುನೀರು! ಮಕ್ಕಳನ್ನು ಆ ಬದಿಗೆ ಕೂರಿಸಬೇಡಿ. ಕಪ್ಪಿಗೆ ಸ್ವಲ್ಪ ಹಸಿರು ಚಹಾ ಪುಡಿ ಹಾಕಿ ನಲ್ಲಿಯ ಗುಂಡಿಗೆ ಒತ್ತಿ ಹಿಡಿದರೆ ಚಹಾ ಸಿದ್ಧ. ಅದಕ್ಕೆ ದುಡ್ಡಿಲ್ಲ.

ಅನ್ನದ ತುಂಡಿನ ಮೇಲೆ ಮೀನಿಟ್ಟ ಸುಶಿಯ ತಟ್ಟೆಗಳು ಬೆಲ್ಟಿನ ಮೇಲೆ ಸಾಗಿಬರುವ ಈ ಊಟ ಹುಟ್ಟಿದ್ದೇ ಒಸಾಕಾ ಸೀಮೆಯಲ್ಲಿ. ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಸಾಗುವುದನ್ನು ಕಂಡ ಯೋಶಿಯಾಕಿ ಶಿರಾಯಿಶಿ 1958ರಲ್ಲಿ ಗೆನ್ರೊಕು ಸುಶಿ ಎಂಬ ಹೋಟೆಲು ತೆರೆದರು. ಈಗ ಅನೇಕ ಕಡೆ ತಟ್ಟೆಗಳು ಸುಮ್ಮನೆ ಸುತ್ತುವುದಿಲ್ಲ. ಟೇಬಲಿನ ಪರದೆಯಲ್ಲಿ ಇಂಗ್ಲಿಷ್ ಆರಿಸಿಕೊಂಡು ಬೇಕಾದ್ದನ್ನು ಒತ್ತಿದರೆ, ಅದು ನಮ್ಮೆದುರಿಗೇ ಬಂದು ನಿಲ್ಲುತ್ತದೆ. ಎತ್ತಿದ ತಟ್ಟೆಯನ್ನು ಮತ್ತೆ ಬೆಲ್ಟಿಗೆ ಇಡಬಾರದು.

ನಾವು ಮಂಗಳೂರು ಕಡೆಯವರು, ಮೀನು ಹೊಸದಲ್ಲ. ಹಸಿ ಮೀನು ಮಾತ್ರ ಹೊಸದು. ಅಳುಕಿದ್ದರೆ ಬೇಯಿಸಿದ ಸಿಗಡಿ 'ಎಬಿ', ಮೇಲ್ಮೈ ಸುಟ್ಟ 'ಅಬುರಿ' ಇವುಗಳಿಂದ ಶುರುಮಾಡಿ. ನನಗೆ ಬಹಳ ಹಿಡಿಸಿದ್ದು 'ಶಿಮೆ ಸಾಬಾ': ಉಪ್ಪು, ವಿನಿಗರ್‌ನಲ್ಲಿ ಹದಮಾಡಿದ ಮೀನು, ನಮ್ಮ ಬಂಗುಡೆಯ ದಾಯಾದಿ. ಸೋಯಾ ಸಾಸಿಗೆ ಅನ್ನದ ಬದಿಯನ್ನಲ್ಲ, ಮೀನಿನ ಬದಿಯನ್ನು ಅದ್ದಬೇಕು.

ಕಷ್ಟವಾದದ್ದು ಜೊತೆಗಿದ್ದ ಗೆಳತಿಗೆ. ಅವಳು ಶುದ್ಧ ಸಸ್ಯಾಹಾರಿ. ಸಿಹಿ ತೋಫು ಚೀಲದೊಳಗೆ ಅನ್ನ ತುಂಬಿದ 'ಇನಾರಿ' ಕಂಡು ಖುಷಿಯಿಂದ ಎರಡು ತಟ್ಟೆ ತಿಂದಳು. ಆಮೇಲೆ ಗೊತ್ತಾಯಿತು, ಆ ತೋಫುವನ್ನು ಕುದಿಸುವುದು ಸಾಮಾನ್ಯವಾಗಿ 'ದಾಶಿ'ಯಲ್ಲಿ, ಅಂದರೆ ಹೊಗೆಯಲ್ಲಿ ಒಣಗಿಸಿದ ಕತ್ಸುವೊ ಮೀನಿನ ಸಾರಿನಲ್ಲಿ. ಅವಳ ಮುಖ ನೋಡಲಾಗಲಿಲ್ಲ. ಮೊದಲೇ ಓದಿಕೊಂಡು ಹೋಗದ್ದು ನನ್ನ ತಪ್ಪೆಂದು ಇವತ್ತಿಗೂ ಅನಿಸುತ್ತದೆ. ಚಿತ್ರದಲ್ಲಿ ಮೀನು ಕಾಣದಿದ್ದರೆ ಸಾಲದು. ಹುದುಗಿಸಿದ ಸೋಯಾದ ಮಿಸೊ ಸೂಪ್, ದಪ್ಪ ಗೋಧಿ ನೂಡಲ್ಸ್ 'ಉದೊನ್', ಮೊಟ್ಟೆಯ 'ತಮಾಗೊ' ಇವುಗಳಲ್ಲೂ ದಾಶಿ ಇರುತ್ತದೆ. ಟೇಬಲಿನ ಮೇಲಿನ ಸೋಯಾ ಬಾಟಲಿಗಳಲ್ಲಿ ಕೆಲವಕ್ಕೂ ಸೇರಿಸಿರುತ್ತಾರೆ, ಹಾಗಾಗಿ ಅದನ್ನೂ ಕೇಳಿ. ಸೌತೆಕಾಯಿಯ ಸುರುಳಿ ಸುಶಿ 'ಕಪ್ಪಾ ಮಾಕಿ', ಬೇಯಿಸಿ ಉಪ್ಪು ಹಾಕಿದ ಎಳೆ ಸೋಯಾ ಕಾಯಿ 'ಎದಾಮಾಮೆ', ಹಣ್ಣು ಇವುಗಳನ್ನು ನೆಚ್ಚಿಕೊಳ್ಳಬಹುದು. ಆದರೆ ಹೊಟ್ಟೆ ತುಂಬುವುದಿಲ್ಲ, ಚೀಲದಲ್ಲಿ ಅವಲಕ್ಕಿಯೋ ಚಪಾತಿಯೋ ಇರಲಿ. ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: 'ಕತ್ಸುವೊ ದಾಶಿ ಹೈತ್ತೆಮಾಸ್ ಕಾ?' ಕತ್ಸುವೊ ಸಾರು ಹಾಕಿದ್ದೀರಾ ಎಂದು ಅರ್ಥ.

ತಟ್ಟೆಗೆ ಸಾಮಾನ್ಯವಾಗಿ ಎರಡು ತುಂಡು. ಸುಶಿರೊ ಎಂಬ ಹೋಟೆಲು ಸರಪಳಿ 2022ರ ಅಕ್ಟೋಬರಿನಲ್ಲೇ ತನ್ನ ಅತಿ ಅಗ್ಗದ ತಟ್ಟೆಯನ್ನು 110ರಿಂದ 120 ಯೆನ್‌ಗೆ ಏರಿಸಿತು. ನಗರದ ನಡುವೆ ಇನ್ನೂ ದುಬಾರಿ. ಮಕ್ಕಳಿದ್ದರೆ ಕುರಾ ಸುಶಿ ಎಂಬ ಇನ್ನೊಂದು ಸರಪಳಿ ಒಳ್ಳೆಯದು. ಖಾಲಿ ತಟ್ಟೆಗಳನ್ನು ಟೇಬಲಿನ ಕಿಂಡಿಗೆ ಹಾಕುತ್ತಾ ಹೋದರೆ, ಐದು ತಟ್ಟೆಗೊಮ್ಮೆ ಪರದೆಯಲ್ಲಿ ಆಟ. ಗೆದ್ದರೆ ಪುಟ್ಟ ಆಟಿಕೆ. ಟಿಪ್ಸ್ ಕೊಡುವ ಪದ್ಧತಿಯಿಲ್ಲ.

ಶನಿವಾರ ಸಂಜೆ ಹೋಗಿ ನಾವು ಒಂದು ಗಂಟೆಗೂ ಹೆಚ್ಚು ಕಾದೆವು. ನೀವು ವಾರದ ದಿನ, ಮಧ್ಯಾಹ್ನ ಎರಡೂವರೆಯ ಮೇಲೆ ಹೋಗಿ.