ನಮ್ಮ ಇತಿಹಾಸ ಸಾಲದಾ ಅಂತ ಕೇಳುವವರಿಗೆ

"ನಮ್ಮಲ್ಲಿ ಇತಿಹಾಸಕ್ಕೇನು ಬರವಾ? ಇನ್ನೂರು ವರ್ಷದ ಹಿಂದಿನ ಅಮೆರಿಕದ ಸೂಲಗಿತ್ತಿಯ ಡೈರಿ ಓದಿಕೊಂಡು ಕೂತಿದ್ದೀಯಲ್ಲ?" ಎಲ್ಲರೂ ಇದನ್ನೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ, ಅಷ್ಟೇ.

ಜಾರ್ಜ್ ವಾಷಿಂಗ್ಟನ್ ಬಗ್ಗೆ ಓದುತ್ತಿದ್ದರೆ ಒಬ್ಬರೂ ಕೇಳುತ್ತಿರಲಿಲ್ಲ ಬಿಡಿ.

ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ದೊಡ್ಡಪ್ಪ ಇದನ್ನೇ ಜೋರಾಗಿ ಕೇಳಿದರು. ಎಲೆಗೆ ಆಗಷ್ಟೇ ಸಾರು ಬಿದ್ದಿತ್ತು. ಬೇಗ ಮುಗಿಸೋಣ ಅಂತ ಹಡಗಿನ ಕಥೆ ಹೇಳಿದೆ. ಅಮೆರಿಕದವರು ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ಜೊತೆ ಹೋರಾಡುತ್ತಿದ್ದ ಕಾಲ. 1782ರಲ್ಲಿ ಅಲ್ಲಿನ ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾ ರಾಜ್ಯದವರ ಹಡಗೊಂದು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಗೆದ್ದ ಹಡಗಿನ ಹೆಸರು ಹೈದರ್ ಅಲಿ. ಹೌದು, ನಮ್ಮ ಮೈಸೂರಿನ ಹೈದರನೇ. ಇಲ್ಲಿ ಇಂಗ್ಲಿಷರ ನಿದ್ದೆ ಕೆಡಿಸಿದವನ ಹೆಸರು ಅಲ್ಲಿನವರಿಗೂ ಇಷ್ಟವಾಗಿತ್ತು.

"ಇದನ್ನ ಮೊದಲೇ ಹೇಳೋದಲ್ವೇನಮ್ಮಾ!" ಅಂದರು ದೊಡ್ಡಪ್ಪ. ಫಿರಂಗಿ ಕಂಡ ಮೇಲೆ ನನ್ನ ಓದಿಗೆ ಅಪ್ಪಣೆ ಸಿಕ್ಕಿತು. ಪಾಯಸಾನೂ ಎರಡನೇ ಸಲ ಬಂತು.

ಆದರೆ ನಾನು ಓದುವುದು ಹಡಗಿಗಾಗಿ ಅಲ್ಲ, ಆ ಸೂಲಗಿತ್ತಿ ಮಾರ್ಥಾ ಬ್ಯಾಲಾರ್ಡ್‌ಗಾಗಿ. ಈಗಿನ ಮೇನ್ ರಾಜ್ಯದ ಕೆನೆಬೆಕ್ ನದಿ ದಡದಲ್ಲಿ ಹ್ಯಾಲೊವೆಲ್ ಅಂತ ಊರು. 1785ರಿಂದ 1812ರವರೆಗೆ ಅವಳು ಅಲ್ಲಿ ಕೂತು ಡೈರಿ ಬರೆದಳು. ಅದರಲ್ಲಿ 816 ಹೆರಿಗೆಗಳ ಲೆಕ್ಕ ಇದೆ. ಜೊತೆಗೆ ಮಳೆ, ಹಿಮ, ನೇಯ್ಗೆ, ಹುರುಳಿಕಾಯಿ ಬಿತ್ತಿದ್ದು, ಯಾರು ಎಷ್ಟು ಕೊಟ್ಟರು, ಯಾರು ಬಾಕಿ ಉಳಿಸಿಕೊಂಡರು, ಎಲ್ಲ. ಹಳೆಯ ಇತಿಹಾಸಕಾರರು ಇದರಲ್ಲೇನಿದೆ ಅಂತ ಪಕ್ಕಕ್ಕಿಟ್ಟಿದ್ದರು. ಅವರಿಗೂ ಫಿರಂಗಿ ಬೇಕಿತ್ತೇನೋ.

ಯಾರಾದರೂ ಒಂದು ಸಲ, "ಅವಳಿಗೂ ಸೊಸೆಗೂ ಹೇಗಿತ್ತು?" ಅಂತ ಕೇಳಬಾರದಾ?

ಮದುವೆಯಾಗದ ಹೆಣ್ಣು ಹೆರುವಾಗ ಮಗುವಿನ ತಂದೆ ಯಾರು ಅಂತ ಸೂಲಗಿತ್ತಿ ಕೇಳುವುದು ಆಗ ಅಲ್ಲಿದ್ದ ಪದ್ಧತಿ. ನೋವಿನಲ್ಲಿ ಸುಳ್ಳು ಬರುವುದಿಲ್ಲ ಅಂತ ನಂಬಿಕೆ. ಹಾಗೆ ಹೇಳಿದ ಹೆಸರು ಕೋರ್ಟಿನಲ್ಲೂ ನಡೆಯುತ್ತಿತ್ತು. 1791ರ ಅಕ್ಟೋಬರಿನಲ್ಲಿ ಸ್ಯಾಲಿ ಪಿಯರ್ಸ್ ಅನ್ನುವ ಹುಡುಗಿಯ ಹೆರಿಗೆಗೆ ಮಾರ್ಥಾ ಹೋದಳು. ಎಂದಿನಂತೆ ಕೇಳಿದಳು. ಸ್ಯಾಲಿ ಹೇಳಿದ್ದು ಮಾರ್ಥಾಳ ಸ್ವಂತ ಮಗ ಜೊನಾಥನ್‌ನ ಹೆಸರು. ಅದನ್ನೂ ಡೈರಿಗೆ ಹಾಕಿದಳು. ಅಳು, ಶಾಪ, ನೆಪ ಏನೂ ಇಲ್ಲ. ನಾನಾಗಿದ್ದರೆ ಆ ದಿನ ಹವಾಮಾನ ಬರೆದು ಮಲಗುತ್ತಿದ್ದೆ.

ಕೆಲವು ತಿಂಗಳಲ್ಲಿ ಅವರ ಮದುವೆಯಾಯಿತು. 1804ರಲ್ಲಿ ಮಾರ್ಥಾಳ ಗಂಡ ಎಫ್ರಾಯಿಮ್ ಜೈಲು ಸೇರಿದ. ಊರಿನ ತೆರಿಗೆ ವಸೂಲಿ ಅವನ ಕೆಲಸ. ಪೂರ್ತಿ ವಸೂಲಾಗದ ಹಣಕ್ಕೆ ಅವನೇ ಹೊಣೆ. ಎಪ್ಪತ್ತರ ಹತ್ತಿರ ಬಂದಿದ್ದ ಮಾರ್ಥಾ ಸೌದೆಗೆ ಪರದಾಡಿದಳು. ಆಗಲೇ ಜೊನಾಥನ್ ಸಂಸಾರ ಸಮೇತ ಅವಳ ಮನೆಗೆ ಬಂದು ನೆಲೆಸಿದ. ಯಜಮಾನಿ ಒಂದು ಕೋಣೆಗೆ ಸರಿದಳು. ಮನೆ ಸ್ಯಾಲಿಯದಾಯಿತು.

ಮುಂದೇನಾಯಿತು ಅಂತ ಕೇಳುವವರಿದ್ದರೆ ಫೋನ್ ಮಾಡಿ. ರಾತ್ರಿ ಹತ್ತಾದರೂ ಪರವಾಗಿಲ್ಲ.